ಅಕ್ಕನ ಪಾಲಿನ ಗೆಂಡೆ ಮೀನು

ಹರಿಹರದಲ್ಲಿರುವ ಅಕ್ಕನ ಮನೆಗೆ ಅಪ್ಪ ವರ್ಷಕ್ಕೊಮ್ಮೆ ತಪ್ಪದೆ ಒಯ್ಯುತ್ತಿದ್ದದ್ದು ಒಂದು ಗೆಂಡೆ ಮೀನು. ನಮ್ಮೂರಿನಲ್ಲಿ ಗಾಳ ಹಾಕುವವರ ಪದ್ಧತಿ ಅದು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ಮೇಲೆ ಗಾಳಕ್ಕೆ ಸಿಕ್ಕ ಮೊದಲ ಮೀನನ್ನು ಯಾರೂ ತಮ್ಮ ಮನೆಯಲ್ಲಿ ಬೇಯಿಸುವುದಿಲ್ಲ. ಅದು ಮದುವೆಯಾಗಿ ಹೋದ ಮಗಳ ಪಾಲು. ಅಪ್ಪ ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದ. ಕಂಡಕ್ಟರ್ ಮೂಗು ಮುಚ್ಚಿಕೊಂಡು, “ಯಜಮಾನ್ರೇ, ಇದ್ಕೂ ಒಂದ್ ಟಿಕೆಟ್ ತಗೋರ್ರಿ” ಅಂದರೆ, “ಮಗಳ ಮನಿಗೆ ಹೊಂಟೈತ್ರಿ, ಅರ್ಧ ಟಿಕೆಟ್ ಕೊಡ್ರಿ” ಅನ್ನುತ್ತಿದ್ದ. ಬಸ್ಸಿನಲ್ಲಿ ನಗು. ಅಕ್ಕ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದಳು.

ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ, ಹೈವೇಯಿಂದ ಸ್ವಲ್ಪ ಒಳಗೆ ಇದೆ. ಕೆರೆಯ ಕೋಡಿ ನೀರು ಒಂದು ಹಳ್ಳಕ್ಕೆ ಬಿದ್ದು, ಹಳ್ಳ ಹೋಗಿ ಹೊಳೆ ಸೇರುತ್ತದೆ. ಕೋಡಿ ಬಿದ್ದಾಗ ಹೊಳೆಯ ಗೆಂಡೆ ಮೀನುಗಳು ಆ ಹೊಸ ನೀರಿಗೆ ಎದುರಾಗಿ ಹಳ್ಳ ಹತ್ತಿ, ಕೆರೆಗೆ ಬಂದು ಮೊಟ್ಟೆ ಇಡುತ್ತವೆ. ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೂಲಿ. ವಾರವಿಡೀ ಹತ್ತಿಯ ಧೂಳು ಕುಡಿದು, ಭಾನುವಾರ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂರುತ್ತಿದ್ದ. ಪೇಟೆಯಿಂದಲೂ ಜನ ಬರುತ್ತಿದ್ದರು. ಆಟೋದವರು, ಟೈಲರ್‌ಗಳು, ಮಿಲ್ಲಿನವರು. ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ಸಂಜೆಯ ತನಕ ಕೂರುವರು. ಮೀನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಗಾಳಿ ಕುಡಿದು ಹೋದರು. ನನ್ನನ್ನು ಮಾತ್ರ ಅಪ್ಪ ಅಲ್ಲಿ ಕೂರಲು ಬಿಡುತ್ತಿರಲಿಲ್ಲ. “ನಿನ್ ಕೈಗೆ ಪೆನ್ನಿರ್ಲಿ, ಗಾಳ ನನಗಿರ್ಲಿ” ಅನ್ನುವನು.

ಪೆನ್ನು ಹಿಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಲೋಟ ತೊಳೆದು ಕಾಲೇಜಿಗೆ ಹೋದವನು ನಾನು. ಪ್ರಾಣಿಶಾಸ್ತ್ರ ಓದಿ, ಈಗ ದಾವಣಗೆರೆಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ.

ನಾನು ಓದುತ್ತಿದ್ದಾಗಲೇ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿದರು. ಅಂತರ್ಜಲಕ್ಕೆ ಒಳ್ಳೆಯದಾಯಿತು, ಬೋರ್‌ವೆಲ್‌ಗಳಲ್ಲಿ ನೀರು ಬಂತು, ಅದನ್ನು ಬೈಯಲಾರೆ. ಆದರೆ ಹೊಳೆಯಿಂದ ಹತ್ತಿ ಬಂದ ಮೀನುಗಳು ಆ ಗೋಡೆಗೆ ಹಾರಿ ಹಾರಿ ಬಿದ್ದು ಕೆಳಗೇ ಉಳಿದವು. ಕೆಲವೇ ವರ್ಷಗಳಲ್ಲಿ ಕೆರೆಯಲ್ಲಿ ಗೆಂಡೆ ಇಲ್ಲವಾಯಿತು. ಕೆರೆ ಟೆಂಡರ್ ಹಿಡಿದವರು ಲಾರಿಯಲ್ಲಿ ಕಾಟ್ಲಾ ಮರಿ ತಂದು ಬಿಟ್ಟರು. ಅಪ್ಪ ಆ ಮೀನಿಗೂ ಗಾಳ ಹಾಕಿದ, ತಿಂದ, ಆದರೆ ಅಕ್ಕನ ಮನೆಗೆ ಒಯ್ಯಲಿಲ್ಲ.

“ಮೀನು ಮೀನೇ ಅಲ್ಲೇನಪ್ಪಾ?” ಅಂದೆ ಒಮ್ಮೆ.

“ಲಾರಿ ಇಳ್ದು ಬಂದಿದ್ದನ್ನ ಮಗಳ ಮನಿಗೆ ಒಯ್ಯಾದಾ? ಅದಕ್ಕೆ ಹೊಳಿನೇ ಗೊತ್ತಿಲ್ಲ” ಅಂದ.

ಮಿಲ್ಲು ಮುಚ್ಚಿತು. ಅಪ್ಪನ ಎದೆಯಲ್ಲಿ ಧೂಳು ಉಳಿಯಿತು. ಏರಿ ಹತ್ತುವಾಗ ನಿಂತು ಉಸಿರು ತೆಗೆದುಕೊಳ್ಳತೊಡಗಿದ. ಇನ್ನೊಂದು ಸಲ ಗೆಂಡೆ ಹಿಡಿದು ಮಗಳ ಮನೆಗೆ ಒಯ್ಯಬೇಕು ಅನ್ನುವುದನ್ನು ಬಿಟ್ಟು ಅವನು ಬೇರೇನನ್ನೂ ಬಯಸಿದ್ದನ್ನು ನಾನು ಕೇಳಿಲ್ಲ. ಗೆಂಡೆಯನ್ನು ಮತ್ತೆ ಕೆರೆಗೆ ತರುವ ಕೆಲಸಕ್ಕೆ ನಾನು ಇಳಿದದ್ದು ಅದಕ್ಕಾಗಿಯೇ. ಊರಿಗಾಗಿ, ಪರಿಸರಕ್ಕಾಗಿ ಅಂತ ಸಭೆಗಳಲ್ಲಿ ಹೇಳಿದೆ, ಸುಳ್ಳೂ ಅಲ್ಲ. ಮೊದಲು ಮಾತ್ರ ಅಪ್ಪನಿಗಾಗಿ.

ಪಂಚಾಯ್ತಿಗೆ ಅಲೆದು, ಚೆಕ್ ಡ್ಯಾಮಿನ ಒಂದು ಪಕ್ಕಕ್ಕೆ ಕಲ್ಲಿನ ಮೆಟ್ಟಿಲು ಮಾಡಿಸಿದೆವು. ಒಂದೊಂದು ಮೆಟ್ಟಿಲಿಗೂ ಒಂದು ಸಣ್ಣ ಗುಂಡಿ. ಮೀನು ಒಂದು ಗುಂಡಿಯಲ್ಲಿ ದಣಿವಾರಿಸಿಕೊಂಡು ಮುಂದಿನದಕ್ಕೆ ಹಾರಬೇಕು. ಹತ್ತಿ ಬಂದವು ಮೊಟ್ಟೆಯಿಟ್ಟು ಹೆಚ್ಚಬೇಕಾದರೆ ಮೂರು ಮಳೆಗಾಲ ಯಾರೂ ಗಾಳ, ಬಲೆ ಹಾಕಬಾರದು ಅಂದೆ. ಟೆಂಡರಿನವರು ಗೊಣಗಿ ಒಪ್ಪಿದರು. ಭಾನುವಾರದ ಗಾಳದವರೇ ಕಷ್ಟ ಅಂದುಕೊಂಡಿದ್ದೆ. ಅಪ್ಪನ ಜೊತೆ ಕೂರುತ್ತಿದ್ದ ಟೈಲರ್ ಚಾಚಾ ಎದ್ದು ನಿಂತು, “ಹಾಕ್ರಿ ಮಾಸ್ತರೇ ಬಂದೋಬಸ್ತು. ಮೂರ್ ವರ್ಷ ಭಾನ್ವಾರ ಮನ್ಯಾಗೆ ಇರ್ತೀನಿ ಅಂದ್ರ ನಮ್ ಮನಿಯಾಕಿ ನಿಮಗೆ ಶಾಪ ಹಾಕ್ತಾಳೆ, ಅಷ್ಟೇ” ಅಂದರು. ಎಲ್ಲರಿಗಿಂತ ಮೊದಲು ಗಾಳದ ಕೋಲನ್ನು ಜಂತಿಗೆ ಸಿಕ್ಕಿಸಿದವನು ಅಪ್ಪ. ಅವನಿಗೆ ಮೂರು ಮಳೆಗಾಲ ಎಷ್ಟು ದೂರ ಅನ್ನುವುದು ಡಾಕ್ಟರಿಗೂ ನನಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತೇನೋ.

ಮೊದಲ ವರ್ಷ ಒಂದೂ ಹತ್ತಲಿಲ್ಲ. ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಮಿಂಚಿದವು. ಮಂಚದ ಮೇಲಿಂದಲೇ ಅಪ್ಪ, “ಬಂದ್ವೇನೋ?” ಅಂತ ಕೇಳುವನು. “ಬರ್ತಾವೆ ಬಿಡಪ್ಪಾ” ಅನ್ನುವೆನು.

ಮೂರನೆಯ ವರ್ಷ ಕೋಡಿ ಬಿದ್ದ ದಿನ ನಾನು ಕ್ಲಾಸಿನಲ್ಲಿದ್ದೆ. ಚಾಚಾ ಫೋನು ಮಾಡಿದರು. “ಮಾಸ್ತರೇ, ಬಂದಾವ್ರೀ! ದಂಡು ದಂಡು ಹತ್ತಾಕತ್ತಾವೆ, ಲಗೂನ ಬರ್ರಿ!” ಪಾಠವನ್ನು ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಹಳ್ಳಕ್ಕೆ ಬಂದರೆ ಇಡೀ ಊರೇ ಮೆಟ್ಟಿಲ ಮೇಲಿತ್ತು. ಬುಟ್ಟಿ, ಕೊಡ, ಪಂಚೆ, ಸೀರೆಯ ಸೆರಗು. ಮೀನು ಗುಂಡಿಯಿಂದ ಗುಂಡಿಗೆ ಹಾರುತ್ತಿದ್ದಂತೆ ಕೈಯಲ್ಲೇ ಬಾಚುತ್ತಿದ್ದರು. ಹೋಳಿ ಹಬ್ಬದಂತೆ ಗದ್ದಲ. ಒಬ್ಬ ಅಜ್ಜಿ ಮಡಿಲ ತುಂಬ ಮೀನು ಹೊತ್ತು ಬಂದು, ಒದ್ದೆ ಕೈಯಲ್ಲೇ ನನ್ನ ಕೆನ್ನೆ ಸವರಿ ಅತ್ತಳು. “ನಾ ಸಾಯಾದ್ರೊಳಗೆ ಹೊಳಿಯಿಂದ ಹತ್ತಿ ಬರೋ ಮೀನು ಮತ್ತೆ ನೋಡ್ದೆ ನನ್ನಪ್ಪಾ. ನಿನ್ ಹೊಟ್ಟಿ ತಣ್ಣಗಿರ್ಲಿ.”

“ಅಜ್ಜೀ, ಹಿಡಿಬಾರ್ದು ಅಂದಿದ್ವಲ್ಲ!”

“ಯಾರ್ ಹಿಡ್ದಾರೆ? ಗಾಳ ಹಾಕಿಲ್ಲ, ಬಲಿ ಹಾಕಿಲ್ಲ. ಗಂಗವ್ವ ಮನಿ ಬಾಗ್ಲಿಗೆ ಕಳ್ಸ್ಯಾಳೆ, ಬ್ಯಾಡ ಅನ್ನಾಕೆ ಆಗ್ತೈತಾ?”

ಅವಳು ಕುತರ್ಕ ಮಾಡುತ್ತಿರಲಿಲ್ಲ. ಹೊಸ ನೀರಿಗೆ ಹತ್ತುವ ಮೀನನ್ನು ಕೈಯಲ್ಲಿ ಬಾಚುವುದನ್ನು ನಮ್ಮೂರಿನಲ್ಲಿ ಯಾರೂ ಮೀನು ಹಿಡಿಯುವುದು ಅನ್ನುವುದೇ ಇಲ್ಲ. ಅದು ನೀರಿನ ತಾಯಿ ಗಂಗವ್ವನ ಪ್ರಸಾದ. ಅವರ ಅಜ್ಜ, ಮುತ್ತಜ್ಜ ಸಂತೋಷಪಟ್ಟದ್ದೇ ಹಾಗೆ. ಸಭೆಯಲ್ಲಿ ಅಷ್ಟು ಹೊತ್ತು ಮಾತಾಡಿದೆವು, ಇದು ಯಾರೊಬ್ಬರ ಬಾಯಿಗೂ ಬಂದಿರಲಿಲ್ಲ. ನನ್ನ ಬಾಯಿಗೂ. ನಾನು ಕೂಗಿದೆ, ಕೆಲವರ ಬುಟ್ಟಿ ಹಿಡಿದು ಎಳೆದೆ. ತಮಾಷೆ ಅಂದುಕೊಂಡು ನಕ್ಕರು. ಸಂಜೆಗೆ ಮೆಟ್ಟಿಲ ಮೇಲಿನ ಗುಂಡಿಯಲ್ಲಿ ನೀರು ಮಾತ್ರ ಇತ್ತು.

ಮುಸ್ಸಂಜೆ ನಮ್ಮ ಮನೆಗೆ ಬಟ್ಟಲುಗಳು ಬರತೊಡಗಿದವು. ಊರಿಗೆ ಮೀನು ತಂದವರ ಮನೆ ಅಂತ ಮನೆ ಮನೆಯಿಂದಲೂ ಮೀನು ಸಾರು. ನನ್ನ ಹೆಂಡತಿ ಅಪ್ಪನಿಗೆ ಒಂದು ತಟ್ಟೆಯಲ್ಲಿ ಬಡಿಸಿದಳು. ಅಪ್ಪ ಎದ್ದು ಕೂತು, ತುಂಡನ್ನು ಬೆರಳಲ್ಲಿ ಬಿಡಿಸಿದ. ಒಳಗೆ ಹಳದಿ ಮೊಟ್ಟೆಯ ಗೊಂಚಲು.

“ಬಸ್ರಿ ಇದು. ಕೆರಿ ಮುಟ್ಟಿತ್ತೇನೋ?”

“ಇಲ್ಲಪ್ಪಾ. ಮೆಟ್ಟಿಲ ಮ್ಯಾಗೇ…”

ಅಪ್ಪ ತಟ್ಟೆಯನ್ನು ಮೆಲ್ಲಗೆ ಸರಿಸಿ ಕೈ ತೊಳೆದುಕೊಂಡ. ನಾನೇ ಕೇಳಿದೆ. “ಬಟ್ಲಾಗೆ ಒಂದಿಷ್ಟು ಅಕ್ಕಗೆ ಒಯ್ದು ಕೊಟ್ಟು ಬರ್ಲಾ?”

“ಬ್ಯಾಡ. ನಾ ಹಿಡ್ದಿದ್ದಲ್ಲ ಅದು.” ಗೋಡೆ ಕಡೆ ತಿರುಗಿ ಮಲಗಿದ. “ಬರೋ ವರ್ಷ ನೋಡಾನ.”

ಆ ಚಳಿಗಾಲ ಅಪ್ಪ ತೀರಿಕೊಂಡ. ಗಾಳದ ಕೋಲು ಜಂತಿಯಲ್ಲೇ ಇತ್ತು.

ಅವನ ಕಾರ್ಯ ಮುಗಿದ ಮೇಲೆ ಊರಿನವರೇ ನನ್ನನ್ನು ಕರೆದರು. ಯಾರೂ ತಲೆ ಎತ್ತಲಿಲ್ಲ. ಇನ್ನೆರಡು ಮಳೆಗಾಲ ಯಾರೂ ಹಿಡಿಯಬಾರದು ಅಂದೆ. ಈ ಸಲ ಬಿಡಿಸಿ ಹೇಳಿದೆ: ಗಾಳ, ಬಲೆ, ಬುಟ್ಟಿ, ಪಂಚೆ, ಬರಿಗೈ, ಯಾವುದೂ ಇಲ್ಲ. ಆಮೇಲೆ ಭಾನುವಾರಕ್ಕೆ ಮಾತ್ರ ಗಾಳ. ಎಲ್ಲರೂ ಒಪ್ಪಿದರು. ಈ ವರ್ಷ ಕೋಡಿ ಬಿದ್ದಾಗ ಅದೇ ಅಜ್ಜಿ ಮೆಟ್ಟಿಲ ಪಕ್ಕ ಕೋಲು ಹಿಡಿದು ಕೂತಿದ್ದಳು. “ಯಾವಳಾದ್ರೂ ಸೆರಗು ನೀರಿಗಿಟ್ರೆ ಸೆರಗೂ ಇಲ್ಲ, ಕೈಯೂ ಇಲ್ಲ” ಅಂತ ಒದರುತ್ತಿದ್ದಳು. ಮೀನು ಕಡಿಮೆ ಇದ್ದವು. ಆದರೆ ಬಂದವೆಲ್ಲ ಕೆರೆ ಸೇರಿದವು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುವ ದಿನ. ಅಪ್ಪನಿಗೆ ಮೊದಲ ಎಡೆ. ಹಿಂದಿನ ದಿನವೇ ಅಕ್ಕ ಬಂದಳು. ಚೀಲ ಇಳಿಸಿದವಳೇ ಜಂತಿಯ ಕಡೆ ನೋಡಿದಳು.

“ತಮ್ಮಾ, ಒಂದೇ ಒಂದು ಗೆಂಡೆ. ಅವ್ನು ಇಷ್ಟು ವರ್ಷ ನನಗೆ ತಂದಾನೆ. ನಾ ಒಂದ್ ಸಲ ಅವ್ನಿಗೆ ಬಡಸ್ತೀನಿ.”

ಚಾಚಾ ಅಲ್ಲೇ ಕೂತಿದ್ದರು. “ಹಾಕ್ರಿ ಮಾಸ್ತರೇ. ನಾವೆಲ್ಲಾ ಆ ಕಡೆ ಮುಖ ಮಾಡ್ಕೊಂಡು ಕೂಡ್ತೀವಿ. ಯಾರೂ ಏನೂ ಅನ್ನಲ್ಲ” ಅಂದರು. ನಿಜ, ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಭಾರವಾಯಿತು.

“ಆಗಲ್ಲಕ್ಕಾ” ಅಂದೆ.

“ನಿನ್ನ ಓದ್ಸಿದ್ದು ಅಪ್ಪಗೆ ಇಲ್ಲ ಅನ್ನಾಕೇನೋ?”

ಹೊರಗೆ ಹೋಗಿ ನಿಂತೆ. ಬಹಳ ಹೊತ್ತಿನ ಮೇಲೆ ಒಳಗೆ ಮಿಕ್ಸಿ ತಿರುಗಿದ ಸದ್ದು ಕೇಳಿತು.

ಮರುದಿನ ಎಡೆ ಇಟ್ಟೆವು. ಅಪ್ಪನ ಪಂಚೆ, ಅಂಗಿ, ಬೀಡಿ ಕಟ್ಟು, ಬಾಳೆಲೆಯ ತುಂಬ ಅಡುಗೆ. ನಡುವೆ ಒಂದು ಬಟ್ಟಲಿನಲ್ಲಿ ಹುಣಸೆಹುಳಿ, ಬೆಳ್ಳುಳ್ಳಿ, ಕೆಂಪು ಖಾರದ ಸಾರು. ವಾಸನೆ ಮೀನು ಸಾರಿನದೇ. ಬಟ್ಟಲಿನಲ್ಲಿ ತುಂಡೊಂದೂ ಇರಲಿಲ್ಲ.

“ಅಕ್ಕಾ, ಇದು?”

“ಮೀನ್ ಸಾರು. ಮೀನು ಕೆರ್ಯಾಗೆ ಐತೆ. ಅಪ್ಪಗೆ ಗೊತ್ತೈತೆ ಬಿಡು.”

ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲಿ ಅಂತ ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತೆವು.

ಸಂಜೆ ಅವಳನ್ನು ಬಸ್ಸು ಹತ್ತಿಸಲು ಹೈವೇ ತನಕ ಹೋದೆ. ಅವಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಏನು ಅಂತ ಕೇಳಿದೆ.

“ಆ ಸಾರೇ. ನನ್ ಪಾಲು ನಾನೇ ಒಯ್ತೀನಿ” ಅಂದಳು.

ಬಸ್ಸು ಬಂತು. ಡಬ್ಬಿಯನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡು, ಚೆಲ್ಲದ ಹಾಗೆ ಎರಡೂ ಕೈಯಿಂದ ಹಿಡಿದು ಕೂತಳು.