ಯಾರ ಫೋನಿಗೂ ತಿರುಗುತ್ತಿದ್ದ ಮೋಟರ್

ಮಿಸ್ತ್ರಿ ಚಾಚಾ ಯಾವ ಯಂತ್ರವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬೆರಳು ಮಡಚಿ, ಕೈಯ ಹಿಂಬದಿಯಿಂದ, ಮಗುವಿನ ಜ್ವರ ನೋಡುವ ಹಾಗೆ ಸವರುತ್ತಿದ್ದರು. ಬೆರಳುಗಳ ಮೇಲೆಲ್ಲ ಹಳೆಯ ಸುಟ್ಟ ಕಲೆಗಳು. ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಅವರದು ಮೋಟರ್ ರಿಪೇರಿಯ ಸಣ್ಣ ಅಂಗಡಿ. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಜೊತೆ ಕನ್ನಡ, ಹಟ ಹಿಡಿದ ಮೋಟರಿನ ಜೊತೆ ಎರಡೂ.

ಬಳಗಾನೂರಿನ ನಮ್ಮ ಹೊಲದ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದವರು ಅವರೇ. ಡಬ್ಬಿಯೊಳಗೊಂದು ಸಿಮ್. ಮನೆಯಿಂದ ಅದಕ್ಕೆ ಫೋನ್ ಮಾಡಿದರೆ ಹೊಲದಲ್ಲಿ ಮೋಟರ್ ಚಾಲೂ. ಕರೆಂಟು ಬಂದಾಗಲೆಲ್ಲ ಹೊಲಕ್ಕೆ ಓಡುವುದು ತಪ್ಪಿತೆಂದು ಅಪ್ಪನಿಗೆ ಖುಷಿಯೋ ಖುಷಿ.

ಒಂದು ಮುಂಜಾನೆ ಅಪ್ಪ ನಿಂತ ಪಂಪಿಗೆ ಸುತ್ತಿಕೊಂಡಿದ್ದ ಹುಲ್ಲು ಬಿಡಿಸುತ್ತಿದ್ದಾಗ ಮೋಟರ್ ತಾನಾಗಿಯೇ ತಿರುಗಿತು. ಹೆಗಲ ಮೇಲಿನ ಟವೆಲ್ ಬೆಲ್ಟಿಗೆ ಸಿಕ್ಕಿ ಅವರನ್ನು ಎಳೆಯಿತು. ಟವೆಲ್ ಹರಿದದ್ದರಿಂದ ಜೀವ ಉಳಿಯಿತು; ಮೊಣಕೈ ಮುರಿಯಿತು.

ಸುದ್ದಿ ಕೇಳಿ ಚಾಚಾ ಬಂದರು. ಆಗ ನಾನು ಲಿಂಗಸುಗೂರಿನ ಕಾಲೇಜಿಗೆ ಹೋಗುತ್ತಿದ್ದೆ. "ನಾವ್ಯಾರೂ ಫೋನ್ ಹಚ್ಚಿಲ್ಲ ಚಾಚಾ. ಹೆಂಗ ಚಾಲೂ ಆತು?" ಎಂದೆ.

"ನಿನ್ನ ಫೋನಿಲೆ ಹಚ್ಚು" ಎಂದರು. ನನ್ನ ನಂಬರನ್ನು ಆ ಡಬ್ಬಿಗೆ ಕೊಟ್ಟೇ ಇರಲಿಲ್ಲ. ಆದರೂ ಮೋಟರ್ ತಿರುಗಿತು. ದಾರಿಯಲ್ಲಿ ಹೊರಟಿದ್ದ ಹಾಲಿನವನ ಫೋನಿನಿಂದ ಮಾಡಿಸಿದರು. ಆಗಲೂ ತಿರುಗಿತು.

"ಯಾರೋ ರಾಂಗ್ ನಂಬರ್ ಹಚ್ಚ್ಯಾರ. ಯಾರ್ ಕರದ್ರೂ ಓ ಅಂತೈತಿ ಇದು." ಡಬ್ಬಿಯ ಮುಚ್ಚಳ ಹಾಕಿದರು. "ತಪ್ಪು ಡಬ್ಬೀದಲ್ಲ ಬೇಟಿ, ನಂದು. ಮನ್ಯಾಗ ಯಾರರ ಚಾಲೂ ಮಾಡ್ಲಿ ಅಂತ ಹಂಗ ಬಿಟ್ಟೀನಿ. ಕಂಪನಿಯವ್ರು ಕೊಟ್ಟ ಪಾಸ್‌ವರ್ಡೂ ಬದಲಿ ಮಾಡಿಲ್ಲ. ನಾ ಕೂಡಿಸಿದ ಎಲ್ಲಾ ಡಬ್ಬೀಗೂ ಅದೇ. ಎಲ್ಲಾರಿಗೂ ಹೇಳಿ ಸರಿ ಮಾಡ್ಬೇಕು."

ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಪ್ಪನೇ ತಡೆದರು. "ಊರಾಗ ಹೇಳಬ್ಯಾಡ್ರಿ. ನಿಮ್ಮ ಅಂಗಡಿಗೆ ಯಾರೂ ಬರಂಗಿಲ್ಲ."

"ಅಣ್ಣಾ, ಮುಂದಿನವ್ರ ಟವೆಲ್ ಹರೀಲಿಲ್ಲಂದ್ರ?"

ಡಬ್ಬಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನಾನು, ಕೆಲಸಕ್ಕೆ ಅವರು. ರಜೆಯ ದಿನಗಳಲ್ಲಿ ಅವರ ಮೊಪೆಡ್ಡಿನ ಹಿಂದೆ ಕೂತು ಊರೂರು ಸುತ್ತಿದೆ. ಮನೆಯವರ ನಂಬರುಗಳನ್ನಷ್ಟೇ ಸೇರಿಸುವುದು, ಪಾಸ್‌ವರ್ಡ್ ಬದಲಿಸುವುದು, ಆಮೇಲೆ ಬೇರೆ ಫೋನಿನಿಂದ ಮಾಡಿ ನೋಡುವುದು. ಎಲ್ಲೇ ಹೋದರೂ ಅವರ ಮೊದಲ ಮಾತು, "ನಂದ ತಪ್ಪಾಗೇದರಿ." ಒಬ್ಬ ರೈತ ಬಾಯಿಗೆ ಬಂದಂತೆ ಬೈದು ಡಬ್ಬಿಯನ್ನೇ ಕಿತ್ತೆಸೆದ. ಚಾಚಾ ಅದನ್ನು ಹೆಕ್ಕಿಕೊಂಡು ಮುಂದಿನ ಊರಿಗೆ ಮೊಪೆಡ್ ತಿರುಗಿಸಿದರು.

ನನಗೋ ಪ್ರಶ್ನೆ ಮುಗಿಯುತ್ತಿರಲಿಲ್ಲ. "ಇದು ನಂಬರ್ ನೋಡಿ ನಂಬತೈತಿ. ಫೋನೇ ಕಳುವಾದ್ರ?"

ಮೂರನೆಯ ದಿನ ಅವರೇ ಫೋನ್ ಮಾಡಿದರು. "ನೀ ಕೇಳಿದ್ದು ಖರೇ. ಮೇನ್ ಸ್ವಿಚ್ ತಗದು, ಫ್ಯೂಸ್ ಕಿಸೇದಾಗ ಹಾಕ್ಕೊಂಡ ಮ್ಯಾಲೇ ಪಂಪ್ ಮುಟ್ಟಬೇಕು. ನಡಿ, ಮೊದಲಿನ ಮನಿಗೋಳಿಗೂ ಹೇಳಿ ಬರೂಣು." ಮತ್ತೆ ಅದೇ ಊರುಗಳು, ಅದೇ ಬಿಸಿಲು.

ಸಾಲಗುಂದದ ಮೂರು ಡಬ್ಬಿಗಳು ಉಳಿದಿದ್ದಾಗ ಚಾಚಾ ಎದೆನೋವಿನಿಂದ ಸಿಂಧನೂರಿನ ಆಸ್ಪತ್ರೆ ಸೇರಿದರು. ನಾನೊಬ್ಬಳೇ ಹೋಗಿ ಮುಗಿಸಿ, ಅಲ್ಲಿಂದಲೇ ಫೋನ್ ಮಾಡಿದೆ.

"ಮೂರೂ ಆದವು ಚಾಚಾ."

"ಬ್ಯಾರೆ ಫೋನಿಲೆ ಹಚ್ಚಿ ನೋಡಿದಿ?"

"ನೋಡೀನಿ. ತಿರಗಲಿಲ್ಲ."

"ಶಾಬಾಸ್ ಬೇಟಿ" ಎಂದು ಫೋನಿಟ್ಟರು. ಅದಾಗಿ ನಾಲ್ಕನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು.

ಆ ದಿನ ನಾನು ಸುಳ್ಳು ಹೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಅವರು ನನ್ನ ಒಂದೇ ಮಾತನ್ನು ನಂಬಿದರು, ಮತ್ತೊಮ್ಮೆ ಕೇಳಲಿಲ್ಲ.