ಕಿತ್ತಳೆ, ಬಿಸ್ಕೆಟ್, ಟೋಸ್ಟ್

ಬಸ್ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಆದದ್ದು ಇಷ್ಟೇ. ಮಗಳು ಇದನ್ನು ಊರಿನ ನೆಂಟರಿಗೆಲ್ಲ ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದ್ದಾಳೆ. ಒಬ್ಬರಿಗೆ ಅಮ್ಮನಿಗೆ ಮರೆವು ಶುರುವಾಗಿದೆ ಅಂದಿದ್ದಾಳೆ, ಇನ್ನೊಬ್ಬರಿಗೆ ಬೀಗಿತ್ತಿಯರಿಬ್ಬರೂ ಸೇರಿ ನಾಟಕ ಆಡಿದರು ಅಂದಿದ್ದಾಳೆ. ನನಗೆ ಮರೆವು ಇಲ್ಲ. ನನ್ನ ಮೂಗು ಹೋಗಿತ್ತು. ಅದನ್ನು ಆರು ತಿಂಗಳು ಮನೆಯವರಿಗೆ ಹೇಳದೆ ಇಟ್ಟುಕೊಂಡಿದ್ದೆ.

ಯುಗಾದಿಗೆ ಸ್ವಲ್ಪ ಮುಂಚೆ ಒಂದು ನೆಗಡಿ ಬಂತು. ಇಲ್ಲಿ ಅಮೆರಿಕದ ಬಾಥೆಲ್‌ನಲ್ಲಿ, ಮಗಳ ಮನೆಯಲ್ಲಿ, ನೆಗಡಿ ಬರುವುದು, ಹೋಗುವುದು ದೊಡ್ಡ ಸಂಗತಿಯಲ್ಲ. ಇದೂ ಹತ್ತು ದಿನಕ್ಕೆ ಹೋಯಿತು. ಹೋಗುವಾಗ ವಾಸನೆಯನ್ನು ಗಂಟು ಕಟ್ಟಿಕೊಂಡು ಹೋಯಿತು. ಒಗ್ಗರಣೆಗೆ ಇಂಗು ಹಾಕಿದಾಗ ನನಗೆ ಗೊತ್ತಾಯಿತು. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಅಂದಿತು, ಹೊಗೆ ಎದ್ದು ನನ್ನ ಮುಖದ ಮುಂದೆಯೇ ಸುಳಿದು ಮೇಲೆ ಹೋಯಿತು. ಅದರಲ್ಲಿ ಏನೂ ಇರಲಿಲ್ಲ. ಕನಸಿನಲ್ಲಿ ಯಾರೋ ಬಂದು ಮಾತಾಡುತ್ತಾರಲ್ಲ, ತುಟಿ ಆಡುತ್ತಿರುತ್ತದೆ, ಮಾತು ಕೇಳಿಸುವುದಿಲ್ಲ, ಹಾಗೆ.

ಆಮೇಲಿನ ದಿನಗಳೂ ಹಾಗೆಯೇ ತೇಲಿಕೊಂಡು ಹೋದವು. ಕಿಟಕಿಯಾಚೆ ಮಂಜು, ಮಂಜಿನೊಳಗೆ ಅರ್ಧ ಕಾಣುವ ಮರಗಳು, ಒಳಗೆ ನಾನು. ಕಾಫಿ ಬರೀ ಬಿಸಿನೀರಾಯಿತು. ಸೋಪು, ಊದುಬತ್ತಿ, ಮಳೆ ಬಿದ್ದ ಮಣ್ಣು, ಎಲ್ಲ ಒಂದೇ. ಮಧ್ಯಾಹ್ನದ ನಿದ್ದೆಯಲ್ಲಿ ಮಾತ್ರ ವಾಸನೆ ಬರುತ್ತಿತ್ತು. ಸೋಫಾದ ಮೇಲೆ ಕಣ್ಣು ಹತ್ತಿದರೆ ಸಾಕು, ನಾನು ಮಂಡ್ಯದ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿರುತ್ತಿದ್ದೆ. ಹಸಿ ಸೌದೆಯ ಹೊಗೆ, ಬೆಳ್ಳುಳ್ಳಿ ಜಜ್ಜಿದ ಕಲ್ಲು, ಗೋಣಿಚೀಲದೊಳಗೆ ಬೆಚ್ಚಗಾದ ಹುರುಳಿ, ಮೇಲೆ ಅಟ್ಟದಲ್ಲಿ ಹಳೇ ಬೆಲ್ಲ. ಒಂದೊಂದೂ ಬೇರೆಬೇರೆಯಾಗಿ ಬಂದು ಎದುರಿಗೆ ನಿಲ್ಲುತ್ತಿತ್ತು. ಎದ್ದರೆ ಇಲ್ಲ. ಅದಕ್ಕೇ ಆ ಬೇಸಿಗೆಯಲ್ಲಿ ನಾನು ಬಹಳ ನಿದ್ದೆ ಮಾಡಿದೆ. ಮಗಳು ಅದನ್ನು ವಯಸ್ಸು ಅಂದುಕೊಂಡಳು.

ಆ ಹಾಸ್ಟೆಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು ನಾನು. ಓದಿದ್ದು ಮೂರನೇ ಕ್ಲಾಸು. ಎಂಬತ್ತು ಹುಡುಗರ ಊಟ, ಒಂದು ದಿನವೂ ಬೇಯಿಸುತ್ತ ರುಚಿ ನೋಡಿದವಳಲ್ಲ. ಒಲೆಯ ಮೇಲಿರುವುದು ಬಾಯಿಗೆ ಹೋದರೆ ಪಾತ್ರೆಯೇ ಎಂಜಲು ಎಂದು ಅತ್ತೆ ಕಲಿಸಿದ್ದರು. ಎಲ್ಲ ಮೂಗಿನ ಮೇಲೆ. ಉಪ್ಪನ್ನು ಮೊದಲು ಅರ್ಧ ಹಾಕುತ್ತಿದ್ದೆ. ಕುದಿ ಬಂದ ಮೇಲೆ ಆವಿಗೆ ಮುಖ ಕೊಟ್ಟು, ಎಷ್ಟು ಬೇಕೋ ನೋಡಿ ಉಳಿದದ್ದು. ಉಪ್ಪಿಗೆ ವಾಸನೆಯೇ ಇಲ್ಲ ಎಂದು ಅಳಿಯ ಮಗಳ ಮೂಲಕ ವಾದ ಮಾಡುತ್ತಾನೆ. ಉಪ್ಪಿಗೆ ಇಲ್ಲ, ಉಪ್ಪು ಹಿಡಿದ ಸಾರಿಗೆ ಇದೆ.

ಅಳಿಯ ಇಂಗ್ಲೆಂಡಿನವನು, ರೆಡ್ಮಂಡ್‌ನಲ್ಲಿ ಮಗಳು ಕೆಲಸ ಮಾಡುವ ಕಡೆಯೇ ಸಿಕ್ಕಿದವನು. ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ಅಲ್ಲಿ ಒಬ್ಬಳೇ ಇರುವವಳು, ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ನಮ್ಮ ಜೊತೆ ಇರುತ್ತಾಳೆ. ಆಕೆಗೆ ಬರುವ ಕನ್ನಡ ‘ಬೇಡ’, ‘ಸಾಕು’. ನನಗೆ ಬರುವ ಇಂಗ್ಲಿಷ್ ಅಂಗಡಿಯದು, ಹಣ್ಣು ತರಕಾರಿ ಬಿಸ್ಕೆಟ್ಟಿನ ಹೆಸರು. ಇಷ್ಟರಲ್ಲೇ ನಾವಿಬ್ಬರೂ ಒಂದು ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದೆವು.

ಆಕೆಯ ಅಡುಗೆ ನನಗೆ ಹಿಡಿಸುತ್ತಿರಲಿಲ್ಲ. ಭಾನುವಾರ ಕೋಳಿಯನ್ನು ಇಡಿಯಾಗಿ ಓವನ್ನಿನೊಳಗಿಟ್ಟು ಬಾಗಿಲು ಮುಚ್ಚಿ ಹೂವಿನ ಗಿಡ ನೋಡಲು ಹೋಗುತ್ತಾಳೆ. ಆಲೂಗಡ್ಡೆ ಬೇಯಿಸುತ್ತಾಳೆ, ಬಟಾಣಿ ಬೇಯಿಸುತ್ತಾಳೆ, ಒಂದನ್ನೊಂದು ಮುಟ್ಟದ ಹಾಗೆ ತಟ್ಟೆಯಲ್ಲಿ ಇಡುತ್ತಾಳೆ. ನಮ್ಮ ಬಾಣಂತಿಗಾದರೂ ಮೆಣಸು ಬೆಳ್ಳುಳ್ಳಿ ಸಿಗುತ್ತದೆ. ಒಮ್ಮೆ ಅಳಿಯ ಸಿಯಾಟಲ್‌ನಲ್ಲಿ ಇಟಲಿಯವರ ಹೋಟೆಲಿಗೂ ಕರೆದುಕೊಂಡು ಹೋಗಿದ್ದ. ಅದು ಪರವಾಗಿಲ್ಲ, ಟೊಮೆಟೊ ಬೆಳ್ಳುಳ್ಳಿ ಗೊತ್ತಿರುವ ಜನ, ಒಗ್ಗರಣೆ ಹಾಕುವುದನ್ನು ಮಾತ್ರ ಮರೆತಿದ್ದಾರೆ. ಎಲ್ಲಕ್ಕಿಂತ ನನಗೆ ಆಗದಿದ್ದದ್ದು ಬೀಗಿತ್ತಿಯ ಚಮಚ. ಪಾತ್ರೆಗೆ ಅದ್ದುತ್ತಾಳೆ, ಬಾಯಿಗೆ ಇಡುತ್ತಾಳೆ, ಮತ್ತೆ ಪಾತ್ರೆಗೆ. ನಾನು ಬೇರೆ ಕಡೆ ನೋಡುತ್ತಿದ್ದೆ.

ಈ ಸಲ ಸೆಪ್ಟೆಂಬರಿನಲ್ಲಿ ಆಕೆ ಬಂದಾಗ ನನ್ನ ಮೂಗು ಹೋಗಿತ್ತಲ್ಲ, ಬೇರೆಯೇ ಒಂದು ಸಂಗತಿ ಗೊತ್ತಾಯಿತು. ನನ್ನ ಹುಳಿ, ನನ್ನ ಸಾರು, ನನ್ನ ಪಲ್ಯ, ಮೂರೂ ನನಗೆ ಒಂದೇ ಆಗಿಹೋಗಿದ್ದವು: ಖಾರದ ಬಿಸಿನೀರು, ಅದರೊಳಗೆ ಮೆತ್ತಗಿನದು ಏನೋ. ಆಕೆಯ ಅಡುಗೆ ಮಾತ್ರ ಇದ್ದ ಹಾಗೇ ಇತ್ತು. ಆಲೂಗಡ್ಡೆಯ ಮೇಲಿನ ಗರಿಗರಿ ಪದರ ಹಲ್ಲಿಗೆ ಸಿಕ್ಕಿ ಮುರಿಯುತ್ತಿತ್ತು, ಒಳಗೆ ಹಿಟ್ಟಿನ ಹಾಗೆ ಬಿಸಿ. ಬಟಾಣಿ ಪಟ್ಟೆಂದು ಒಡೆದು ಸಿಹಿ ಬಿಡುತ್ತಿತ್ತು. ದೋಸೆ ಹಿಟ್ಟಿನಂಥದ್ದನ್ನು ಓವನ್ನಿನಲ್ಲಿಟ್ಟು ಬಟ್ಟಲಿನ ಹಾಗೆ ಉಬ್ಬಿಸುತ್ತಾಳೆ, ಅದು ಬಾಯಲ್ಲಿ ಗಾಳಿಯ ಹಾಗೆ ಕುಸಿಯುತ್ತಿತ್ತು. ನಮ್ಮದು ಮೂಗಿನ ಅಡುಗೆ, ಅವರದು ಹಲ್ಲು ನಾಲಿಗೆಯದು. ಮೂಗು ಇರುವ ತನಕ ನಮ್ಮದೇ ದೊಡ್ಡದು. ನಾನು ಎರಡನೇ ಸಲ ಬಡಿಸಿಕೊಂಡೆ. ಬೀಗಿತ್ತಿ ಮಗನ ಮುಖ ನೋಡಿದಳು.

ಮೊದಲು ಕಂಡುಹಿಡಿದವಳೂ ಆಕೆಯೇ. ಆಕೆ ತರುವ ಒಂದು ಚೀಸ್ ಇದೆ, ಮೈತುಂಬ ಹಸಿರು ಗೆರೆ, ಮಳೆಗಾಲದಲ್ಲಿ ಒಣಗದ ಕಾಲುಚೀಲದ ವಾಸನೆ. ಹಿಂದಿನ ಸಲ ನಾನು ಅದನ್ನು ಮೂರು ಕವರಿನಲ್ಲಿ ಕಟ್ಟಿಸಿ ಗ್ಯಾರೇಜಿನ ಫ್ರಿಜ್ಜಿಗೆ ಕಳಿಸಿದ್ದೆ. ಈ ಸಲ ಒಂದು ಮಧ್ಯಾಹ್ನ ನಾನು ಮೇಜಿನ ಮುಂದೆ ಕೂತು ಹುರುಳಿ ಆರಿಸುತ್ತಿದ್ದೆ. ಆಕೆ ಚೀಸಿನ ತಟ್ಟೆಯನ್ನು ಅಲ್ಲೇ ಮರೆತು ಹೋಗಿ, ನೆನಪಾಗಿ ಓಡಿ ಬಂದಳು. ನಾನು ಕಲ್ಲು ಹೆಕ್ಕುತ್ತಲೇ ಇದ್ದೆ. ಆಕೆ ನಿಂತಳು. ಒಂದು ಬೆರಳಿನಿಂದ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ತಳ್ಳಿದಳು. ಇನ್ನೂ ಸ್ವಲ್ಪ. ಕೊನೆಗೆ ನನ್ನ ಗಲ್ಲದ ಕೆಳಗೇ ತಂದಿಟ್ಟಳು.

ತನ್ನ ಮೂಗು ಮುಟ್ಟಿಕೊಂಡು, “ನೋ?” ಎಂದಳು.

“ನೋ,” ಎಂದೆ.

ಆಕೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಚೀಸನ್ನು ಎತ್ತಿಕೊಂಡು ಹೋದಳು.

ನಾನು ಯಾಕೆ ಮುಚ್ಚಿಟ್ಟೆ ಅಂದರೆ, ಮುಂದಿನ ವಾರ ಮಹಾಲಯ ಅಮಾವಾಸ್ಯೆ ಇತ್ತು. ಅವತ್ತು ನನ್ನ ಗಂಡನಿಗೆ ಎಡೆ ಇಡಬೇಕು. ಆತ ಹೋಗಿ ಒಂಬತ್ತು ವರ್ಷ. ಬೇಸಿಗೆಯಲ್ಲಿ ಎರಡು ಸಲ ಹಾಲು ತಳ ಹಿಡಿದು ಕಪ್ಪಾದಾಗಲೇ ಮಗಳು ಹೇಳಿದ್ದಳು:

“ಅಮ್ಮ, ಈ ಸಲ ಎಡೆಗೆ ಕೇಟರಿಂಗ್ ಹೇಳ್ಬಿಡ್ತೀನಿ. ಒಬ್ರು ಹಬ್ಬದಡುಗೆ ಮಾಡಿ ಮನೆಗೇ ತಂದ್ಕೊಡ್ತಾರೆ. ನೀನು ಸ್ಟವ್ ಹತ್ರ ನಿಂತ್ಕೊಳೋದು ಬೇಡ.”

“ನಿಮ್ಮಪ್ಪ ಡಬ್ಬಿ ಊಟಕ್ಕೆ ಅಲ್ಲಿಂದ ಇಳಿದು ಬರ್ತಾನೇನೆ?” ಎಂದಿದ್ದೆ.

“ಬದುಕಿದ್ದಾಗ ಹೋಟ್ಲಲ್ಲಿ ಮಸಾಲೆದೋಸೆ ತಿಂತಿರ್ಲಿಲ್ವ?”

“ಅದು ತಿಂಡಿ. ಊಟ ಅಲ್ಲ.”

ಆತ ನನ್ನ ಅಡುಗೆಯನ್ನು ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ. ಬಸ್ಸಾರಿನ ದಿನ ಮಾತ್ರ ಏನೂ ಹೇಳದೆ ಎರಡನೇ ಸಲ ತಟ್ಟೆ ಮುಂದೆ ಚಾಚುತ್ತಿದ್ದ. ಹುರುಳಿ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಹುರಿದು ರುಬ್ಬಿದ ಮಸಾಲೆ. ಮಸಾಲೆ ಹುರಿಯುವುದರಲ್ಲೇ ಎಲ್ಲ ಇರುವುದು. ಕೊತ್ತಂಬರಿ ಬೀಜ ಒಂದು ಗಳಿಗೆ ಮುಂಚೆ ಇಳಿಸಿದರೆ ಹಸಿ, ಒಂದು ಗಳಿಗೆ ತಡವಾದರೆ ಕಹಿ. ಬಣ್ಣ ನೋಡಿ ಇಳಿಸಬಹುದಲ್ಲ ಎನ್ನುವವರಿಗೆ ಹೇಳುತ್ತೇನೆ, ಬಣ್ಣ ತಿರುಗುವುದು ಕೆಟ್ಟ ಮೇಲೆ. ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಸ್ವಲ್ಪ ಹುರಿದು ನೋಡಿದೆ. ಕೈಯಾಡಿಸುತ್ತಿದ್ದೆ, ಮನಸ್ಸು ಎಲ್ಲೋ ಹೋಗಿತ್ತು. ಬೀಗಿತ್ತಿ ಮಹಡಿಯಿಂದ ಇಳಿದು ಬಂದು ಸ್ವಿಚ್ಚು ಆರಿಸಿದಳು. ಬೀಜ ಪೂರ್ತಿ ಸೀದಿತ್ತು.

ಸೀದದ್ದನ್ನು ಚೆಲ್ಲಿ, ಬಾಣಲೆ ತೊಳೆದು, ಹೊಸ ಬೀಜ ಹಾಕಿ ಆಕೆಯ ಕೈ ಹಿಡಿದು ಒಲೆಯ ಪಕ್ಕ ನಿಲ್ಲಿಸಿಕೊಂಡೆ. ಆಕೆಗೆ ಏನು ಬೇಕೆಂದು ಗೊತ್ತಾಯಿತು. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿದಳು. ಆದರೆ ಆಕೆಗೆ ನನ್ನ ವಾಸನೆಗಳ ಹೆಸರು ತಿಳಿಯದು. ತನ್ನ ಕಡೆಯವನ್ನೇ ಹೇಳಿದಳು.

“ಆರೆಂಜ್,” ಎಂದಳು ಮೊದಲು. ಕೊತ್ತಂಬರಿ ಬೀಜಕ್ಕೆ ಕಿತ್ತಳೆಯೇ ಅಂದುಕೊಂಡೆ. ಆಮೇಲೆ ಹೌದು ಅನ್ನಿಸಿತು. ಬಿಸಿ ತಾಗಿದ ಕೂಡಲೇ ಒಂದು ಸಿಪ್ಪೆ ಕಿವುಚಿದಂಥ ವಾಸನೆ ಇತ್ತು, ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ, “ಬಿಸ್ಕೆಟ್.”

ಕೈಯಾಡಿಸುತ್ತಲೇ ಇದ್ದೆ. ಹೊರಗೆ ಮಂಜು ಗಾಜಿಗೆ ಒತ್ತಿಕೊಂಡು ನಿಂತಿತ್ತು. ನನ್ನ ಮೂಗಿನೊಳಗೂ ಅದೇ ಮಂಜು. ಅದರಾಚೆ ಎಲ್ಲೋ ಆಕೆ ನಿಂತು ಒಂದೊಂದೇ ಹೆಸರು ಕೂಗಿ ಹೇಳುತ್ತಿರುವ ಹಾಗಿತ್ತು. ಹಾಸ್ಟೆಲ್ಲಿನ ಒಲೆ ಕಂಡಿತು, ಗೋಡೆಯ ಮಸಿ ಕಂಡಿತು.

“ಟೋಸ್ಟ್,” ಎಂದಳು.

ಇಳಿಸಿದೆ. ಒಂದು ಬೀಜ ಕಚ್ಚಿ ನೋಡಿದೆ, ಇದು ಎಡೆಗಲ್ಲವಲ್ಲ. ಕಹಿ ಇರಲಿಲ್ಲ. ಮೂರು ದಿನ ಹೀಗೆಯೇ ನಡೆಸಿದೆವು. ಮಗಳು ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಮೀಟಿಂಗಿನಲ್ಲಿರುತ್ತಿದ್ದಳು. ಕೇಟರಿಂಗ್ ಮಾತನ್ನು ಬಿಟ್ಟಿದ್ದಳು.

ಅಮಾವಾಸ್ಯೆಯ ದಿನವೂ ಕಿತ್ತಳೆ, ಬಿಸ್ಕೆಟ್, ಟೋಸ್ಟ್ ಆಯಿತು. ರುಬ್ಬಿದೆ, ಹುರುಳಿಯ ಕಟ್ಟಿಗೆ ಬೆರೆಸಿದೆ, ಅರ್ಧ ಉಪ್ಪು ಹಾಕಿದೆ. ಕುದಿ ಬಂತು. ರೂಢಿಯಂತೆ ಆವಿಗೆ ಮುಖ ಕೊಟ್ಟೆ. ಮುಖ ಒದ್ದೆಯಾಯಿತು, ಅಷ್ಟೇ.

“ಸಾಲ್ಟ್?” ಎಂದು ಬೀಗಿತ್ತಿಯನ್ನು ಕೇಳಿದೆ.

ಆಕೆ ಮೂಸಿದಳು, ಭುಜ ಕುಣಿಸಿದಳು. ಮೂಸಿ ಉಪ್ಪು ಹೇಳುವುದು ಆಕೆಗೆ ಯಾರು ಕಲಿಸಿದ್ದಾರೆ? ಡ್ರಾಯರಿನಿಂದ ಚಮಚ ತೆಗೆದು ಪಾತ್ರೆಗೆ ಚಾಚಿದಳು. ನಾನು ಮಣಿಕಟ್ಟು ಹಿಡಿದೆ. “ಬೇಡ,” ಎಂದೆ. ಆ ಮಾತು ಆಕೆಗೆ ಗೊತ್ತು. ಚಮಚ ವಾಪಸು ಇಟ್ಟಳು. ಎಡೆಗೆ ಮೊದಲು ಯಾರ ನಾಲಿಗೆಯೂ ತಾಗಬಾರದು. ಮೂಸಿದ್ದೇ ತಪ್ಪು ಎನ್ನುವವರು ಇರಬಹುದು. ಅಡುಗೆ ಮಾಡುವವಳಿಗೆ ಮೂಗು ಮುಚ್ಚಿಕೋ ಎಂದು ನನ್ನ ಅತ್ತೆಯಂತೂ ಹೇಳಿರಲಿಲ್ಲ. ಉಳಿದರ್ಧ ಉಪ್ಪು ಅಂಗೈಯಲ್ಲೇ ಇತ್ತು. ಜಾಸ್ತಿಯಾದರೆ ತೆಗೆಯಲಾಗುವುದಿಲ್ಲ. ಡಬ್ಬಿಗೆ ಸುರಿದೆ.

ಫೋಟೋ ಮುಂದೆ ಎಲೆ ಹಾಕಿ ಬಡಿಸಿ, ಕಾಯಿ ಒಡೆದು, ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಒಳಗೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಎಲ್ಲರೂ ಊಟಕ್ಕೆ ಕೂತೆವು. ಅಳಿಯ ಒಂದು ತುತ್ತು ತಿಂದು ಉಪ್ಪಿನ ಡಬ್ಬಿಗೆ ಕೈ ಹಾಕಿದ. ಅವನ ತಾಯಿ ಅವನ ಕೈಯನ್ನು ನೋಡಿದಳು, ಅವನು ಕೈ ವಾಪಸು ತೆಗೆದುಕೊಂಡ. “ಲವ್ಲಿ,” ಎಂದಳು ಆಕೆ ಗಟ್ಟಿಯಾಗಿ. ಆಕೆಗೆ ಎಲ್ಲವೂ ಲವ್ಲಿ.

“ಅಮ್ಮ, ಉಪ್ಪು ಕಮ್ಮಿ,” ಎಂದಳು ಮಗಳು.

“ಹಾಕ್ಕೊ.”

“ನಿನ್ ಕೈಯಲ್ಲಿ ಯಾವತ್ತು ಉಪ್ಪು ಕಮ್ಮಿ ಆಗಿದೆ?” ನನ್ನನ್ನು ನೋಡಿದಳು, ತನ್ನ ಅತ್ತೆಯನ್ನು ನೋಡಿದಳು. “ಏನ್ ಮುಚ್ಚಿಡ್ತಿದೀರ ಇಬ್ರೂ?”

“ಮೂಗು ಹೋಗಿದೆ ಕಣೆ.”

“ಯಾವಾಗಿಂದ?”

“ಯುಗಾದಿ ಹಿಂದಿಂದ.”

“ಆರು ತಿಂಗಳಮ್ಮ. ಗ್ಯಾಸ್ ಲೀಕ್ ಆಗಿದ್ರೆ ಏನ್ ಗತಿ?”

“ಇಲ್ಲಿರೋದು ಕರೆಂಟ್ ಒಲೆ.”

“ಮಾತಿಗೇನೂ ಕಮ್ಮಿ ಇಲ್ಲ. ನಾಳೆಯಿಂದ ಸ್ಟವ್ ಮುಟ್ಬೇಡ ನೀನು.”

ಆಗ ಬೀಗಿತ್ತಿ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು, ಉದ್ದಕ್ಕೆ. ಅಳಿಯ ಊಟ ನಿಲ್ಲಿಸಿದ. ಮಗಳ ಮುಖ ಇಳಿಯಿತು. ಸಂಜೆ ಪಾತ್ರೆ ಒರೆಸುತ್ತ ಮಗಳು ನನಗೆ ಹೇಳಿದಳು.

“ಅವ್ರಿಗೆ ಎಡಗಿವಿ ಕೇಳಿಸಲ್ವಂತಮ್ಮ. ನಾಲ್ಕು ವರ್ಷ ಆಯ್ತಂತೆ. ಮಗನಿಗೂ ಹೇಳಿರ್ಲಿಲ್ಲ. ಒಬ್ಳೇ ಇರ್ಬೇಡ ಅಂತಾರೆ ಅಂತ.”

ಎಲ್ಲದಕ್ಕೂ ಲವ್ಲಿ ಅನ್ನುವುದು ಯಾಕೆಂದು ನನಗೆ ಆಗ ತಿಳಿಯಿತು. ನನ್ನ ಒಲೆ ಉಳಿಸಲು ಆಕೆ ತನ್ನ ಗುಟ್ಟನ್ನು ಹೊರಗೆ ಹಾಕಿದ್ದಳು.

ಮಗಳು ಬಟ್ಟೆ ಕೊಡವಿ ಒಣಗಲು ಹಾಕಿದಳು. “ಅಡುಗೆ ಮಾಡ್ಕೊ. ಆದ್ರೆ ರುಚಿ ನೋಡ್ಕೊಂಡು ಮಾಡ್ಬೇಕು. ನಾಲಿಗೆ ಇದ್ಯಲ್ಲ. ಆಗಲ್ಲ ಅಂದ್ರೆ ಬೇಡ.”

ನಾನು ಉಳಿದ ಸಾರನ್ನು ಫ್ರಿಜ್ಜಿಗೆ ಇಟ್ಟೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಮರಗಳು ಇನ್ನೂ ಮಂಜಿನಲ್ಲೇ ಇದ್ದವು. ಬಸ್ಸಾರು ಮಾರನೇ ದಿನಕ್ಕೇ ಚೆನ್ನ, ಉಳಿದದ್ದನ್ನು ಕುದಿಯಲು ಇಟ್ಟೆ. ಡ್ರಾಯರ್ ಎಳೆದು ಚಮಚ ತೆಗೆದು, ಅದ್ದಿ, ಊದಿ, ಒಲೆಯ ಮುಂದೆ ನಿಂತೇ ಬಾಯಿಗೆ ಇಟ್ಟೆ. ಖಾರ ಇತ್ತು, ಉಪ್ಪು ಇರಲಿಲ್ಲ. ಮಗಳು ಹೇಳಿದ್ದು ಸರಿ. ಉಪ್ಪು ಹಾಕಿ ಕಲಕಿ ಮತ್ತೆ ನೋಡಿದೆ. ಆಗ ಕೈ ಕಡೆ ಗಮನ ಹೋಯಿತು: ಅದೇ ಚಮಚ. ಪಾತ್ರೆಯೆಲ್ಲ ಎಂಜಲು. ಮಗಳಿಗೂ ಅಳಿಯನಿಗೂ ಬೇರೆ ಸಾರು ಮಾಡಬೇಕು, ಈ ಸಲ ಎರಡು ಚಮಚ ಇಟ್ಟುಕೊಂಡು. ಅಷ್ಟರಲ್ಲಿ ಬೀಗಿತ್ತಿ ಕೆದರಿದ ತಲೆಯಲ್ಲಿ ಇಳಿದು ಬಂದಳು. ನಾನು ಸುತ್ತಿ ಹೋಗಿ ಆಕೆಯ ಬಲಗಿವಿಯ ಕಡೆ ನಿಂತು, “ಸಾಲ್ಟ್,” ಎಂದು ಹೇಳಿ, ಎರಡು ಲೋಟ ತೆಗೆದು ಆ ಪಾತ್ರೆಯ ಸಾರನ್ನು ನಮ್ಮಿಬ್ಬರಿಗೂ ಬಗ್ಗಿಸಿದೆ.