ಜಾಮೀನು ಬೇಡವೆಂದ ಶಿವಮ್ಮ

ಭೇರ್ಯದ ಶಿವಮ್ಮನವರು ಯಾರ ಮುಂದೆಯೂ ನಡೆಯುತ್ತಿರಲಿಲ್ಲ. ಜೊತೆಯವರನ್ನು ಮುಂದೆ ಬಿಟ್ಟು, ಎತ್ತು ಹೊಡೆಯುವವರಂತೆ ಅವರ ಬೆನ್ನು ನೋಡುತ್ತ ಬರುತ್ತಿದ್ದರು. ಕೃಷ್ಣರಾಜನಗರದ ಕೋರ್ಟಿಗೆ ತಂಗಿಯ ಮಗ ಬಸವನನ್ನು ಕರೆತಂದದ್ದೂ ಹಾಗೆಯೇ. ಹಣೆ ತುಂಬ ವಿಭೂತಿ, ದವಡೆಯಲ್ಲಿ ಅಡಿಕೆ ಹೋಳು. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ.

ಕಾಲುವೆ ನೀರಿನ ಜಗಳದಲ್ಲಿ ಬಸವ ಪಕ್ಕದ ಗದ್ದೆಯವನ ಕೈಗೆ ಮಚ್ಚಿನಿಂದ ಹೊಡೆದಿದ್ದ. ಏರಿಯ ಮೇಲಿದ್ದ ನಾನೊಬ್ಬನೇ ಸಾಕ್ಷಿ. ಬಿ.ಎ. ಮುಗಿಸಿ ಆ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ಮಚ್ಚು ಇಳಿಯುವ ಮೊದಲು ಬಸವ ನನ್ನತ್ತ ನೋಡಿದನೇ, ಆಮೇಲೆ ನೋಡಿದನೇ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಮ್ಯಾಜಿಸ್ಟ್ರೇಟರು ಅವನನ್ನು ರಿಮಾಂಡಿಗೆ ಕಳಿಸಿದರು. ತನಿಖೆ ಮುಗಿಯುತ್ತ ಬಂದಾಗ ಶಿವಮ್ಮನವರು ತಮ್ಮ ಗದ್ದೆಯ ಮೇಲೆ ಜಾಮೀನು ನಿಂತು ಬಿಡಿಸಿಕೊಂಡು ಬಂದರು. ಬಸವ ಕೇಸು ಗೆದ್ದ ಎಂದು ಜಗಲಿಗಳಲ್ಲಿ ಮಾತಾಯಿತು.

"ಗೆದ್ದಿಲ್ಲ ಕಣ್ರಲಾ," ಎಂದು ಅವರು ಗದರಿದರು. "ರಿಮಾಂಡು ಅಂದ್ರೆ ಗೂಟಕ್ಕೆ ಕಟ್ಟೋದು. ಜಾಮೀನು ಅಂದ್ರೆ ಅಗ್ಗ ಉದ್ದ ಬುಡೋದು. ಗೂಟ ಅಂಗೇ ಅದೆ."

ಒಂದು ಮಧ್ಯಾಹ್ನ ಬಸವ ಶಾಲೆಯ ಬಾಗಿಲಿಗೆ ಬಂದು ನಿಂತ. "ಮೇಷ್ಟ್ರೇ, ನಿಮಗೆ ಈಜು ಬತ್ತದಾ? ಕಾಲುವೆ ಈಗ ತುಂಬೈತೆ," ಎಂದು ನಕ್ಕ. ಮಕ್ಕಳೂ ನಕ್ಕರು. ಸೀಮೆಸುಣ್ಣ ನನ್ನ ಬೆರಳಲ್ಲೇ ಮುರಿಯಿತು. ನಾನು ಯಾರಿಗೂ ಹೇಳಲಿಲ್ಲ. ಮಕ್ಕಳು ಮನೆಮನೆಗೂ ಹೇಳಿದರು.

ಸಂಜೆ ಶಿವಮ್ಮನವರು ನನ್ನ ಕೋಣೆಗೆ ಬಂದರು. "ಅಂದಿದ್ದು ದಿಟವಾ?"

ಹೌದೆಂದು ತಲೆಯಾಡಿಸಿದೆ. ಅವರು ಕೂರದೆ ಹೊರಟರು.

ಮುಂದಿನ ವಾಯಿದೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ಕೈಮುಗಿದು ನಿಂತರು. "ಬುದ್ಧಿ, ಇವನ ಜಾಮೀನು ನಂಗೆ ಬ್ಯಾಡ."

"ಬೇರೆ ಯಾರೂ ನಿಲ್ಲದಿದ್ದರೆ ಇವನನ್ನು ಮತ್ತೆ ಒಳಗೆ ಹಾಕಬೇಕಾಗುತ್ತೆ. ಗೊತ್ತೇನಮ್ಮ?"

"ಗೊತ್ತಿದ್ದೇ ಬಂದಿವ್ನಿ."

ಬೇರೆ ಯಾರೂ ನಿಲ್ಲಲಿಲ್ಲ. ಪೊಲೀಸರು ಕೈ ಹಿಡಿದಾಗ ಬಸವ ಕೂಗಿದ: "ದೊಡ್ಡವ್ವಾ, ನಾನು ನಿನ್ನ ಮಗ ಅಲ್ವಾ?"

"ಅದಕ್ಕೇ ಕಣ್ಲಾ."

ವಿಚಾರಣೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದೆ. ಅವನಿಗೆ ಶಿಕ್ಷೆಯಾಯಿತು. ಹೊರಗೆ ಕಂಬಕ್ಕೊರಗಿ ಕುಳಿತಿದ್ದ ಶಿವಮ್ಮನವರಿಗೆ ಕೈಮುಗಿದೆ. ಅವರು ತಿರುಗಿ ಕೈಮುಗಿಯಲಿಲ್ಲ.

"ನಿಮ್ಮನ್ನ ಉಳಿಸಾಕೆ ಅಂತ ಮಾಡ್ಲಿಲ್ಲ ಮೇಷ್ಟ್ರೇ. ಅವ್ನು ಇನ್ನೊಂದ್ಸಲ ಮಚ್ಚು ಎತ್ಬಾರ್ದು ಅಂತ. ನೀವು ತಪ್ಪು ಮಾಡಿಲ್ಲ. ಆದ್ರೂ ನನ್ನ ಕಣ್ಣಿಗೆ ಬೀಳ್ಬ್ಯಾಡಿ."

ವರ್ಗ ಮಾಡಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಬಸ್ ನಿಲ್ದಾಣದವರೆಗೂ ನಡೆದೆ. ಭೇರ್ಯದ ಬಸ್ಸು ಬಂದು ನಿಂತಿತು, ಹೊರಟಿತು. ನಾನು ಹತ್ತಲಿಲ್ಲ.